ಸೇಬಿನ ರಸದ ಬಟ್ಟಲು

ಮಿನೆಸೋಟಾ
ಡಿಸೆಂಬರ್ 2, 2007

ಪ್ರೀತಿಯ ಅವ್ತೊ,

ನಿನ್ನ ಎರಡು ಕಾಗದಗಳೂ ಕೈಸೇರಿವೆ. ಉತ್ತರ ತಡವಾಯಿತು, ಮುನಿಸಿಕೊಳ್ಳಬೇಡ. ಭಾನುವಾರದ ಫೋನಿನಲ್ಲಿ ಹಸು, ದ್ರಾಕ್ಷಿತೋಟ, ನಿನ್ನ ಮಂಡಿನೋವು ಇಷ್ಟು ಮುಗಿಯುವುದರೊಳಗೆ ಕಾರ್ಡಿನ ಹಣವೂ ಮುಗಿದಿರುತ್ತದೆ. ಈ ಸಲದ ಸುದ್ದಿ ಫೋನಿನಲ್ಲಿ ಹೇಳುವಂಥದ್ದಲ್ಲ. ಕಳೆದ ವಾರ ಈ ಮನೆಯಲ್ಲಿ ನನಗಿನ್ನು ಜಾಗವಿಲ್ಲ ಅಂದುಕೊಂಡು ಮಂಚದ ಕೆಳಗಿನ ಪೆಟ್ಟಿಗೆಯನ್ನು ಹೊರಗೆಳೆದಿದ್ದೆ.

ಮೊದಲು ಬೇರೆ ಸುದ್ದಿ ಹೇಳಿಬಿಡುತ್ತೇನೆ. ಶಾಲೆಯಲ್ಲಿ ನಾನು ಕಲಿಸುವ ಗಣಿತದ ತರಗತಿಗಳು ಸರಾಗವಾಗಿ ನಡೆದಿವೆ. ಕೆರೆ ಹೆಪ್ಪುಗಟ್ಟುತ್ತಿದೆ. ನೀನು ಕಳಿಸಿದ ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಮಲಗುತ್ತೇನೆ. ಮನೆಯೊಡತಿ ವರ್ನಾ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಎಪ್ಪತ್ತರ ಹತ್ತಿರದ ವಿಧವೆ. ಮೊದಲು ಶಾಲೆಯ ಬಸ್ಸು ಓಡಿಸುತ್ತಿದ್ದರಂತೆ. ಈಗಲೂ ಮೆಟ್ಟಿಲ ಕೆಳಗೆ ನಿಂತು ನನ್ನನ್ನು ಕೂಗುವುದು ಬಸ್ಸಿಗೆ ತಡಮಾಡಿದ ಮಕ್ಕಳನ್ನು ಕೂಗುವ ದನಿಯಲ್ಲೇ.

ಅಕ್ಟೋಬರ್ ಕೊನೆಯ ದಿನ ಇಲ್ಲಿ ಮಕ್ಕಳು ವೇಷ ಹಾಕಿಕೊಂಡು ಸಿಹಿ ಕೇಳುತ್ತ ಮನೆಮನೆಗೆ ಬರುತ್ತಾರೆ. ಆ ಸಂಜೆ ವರ್ನಾ ಮಗಳ ಮನೆಗೆ ಹೋಗುವಾಗ ಒಂದು ಬೋಗುಣಿ ತುಂಬ ಚಾಕೊಲೇಟ್ ನನ್ನ ವಶಕ್ಕೆ ಕೊಟ್ಟರು. ನಾನು ಜಗುಲಿಯ ದೀಪ ಆರಿಸಿ ಒಳಗೆ ಕಾದು ಕೂತೆ. ನಮ್ಮೂರಲ್ಲಿ ಕರೆಂಟು ಅಪರೂಪವಾಗಿದ್ದ ಆ ವರ್ಷಗಳಲ್ಲಿ ಬಂದ ದೀಪ ಉಳಿಸುವ ಅಭ್ಯಾಸ, ನಿನಗೆ ಗೊತ್ತಲ್ಲ. ಒಂದು ಮಗುವೂ ಬಾಗಿಲು ತಟ್ಟಲಿಲ್ಲ. ದೀಪ ಆರಿದ್ದರೆ ಬರಬೇಡಿ ಎಂದು ಅರ್ಥವಂತೆ. ವರ್ನಾ ಹಿಂತಿರುಗಿ ಬೋಗುಣಿ ನೋಡಿದವರು, "ಇರಲಿ ಬಿಡಮ್ಮ, ಇನ್ನು ಕ್ರಿಸ್‌ಮಸ್ ತನಕ ಅಡುಗೆ ಮಾಡೋ ಕೆಲಸ ತಪ್ತು" ಎಂದರು.

ಅದೇ ಹಬ್ಬಕ್ಕೆ ಎದುರುಮನೆಯವರು ಅಂಗಳದಲ್ಲಿ ಪ್ಲಾಸ್ಟಿಕ್ ಗೋರಿಕಲ್ಲುಗಳನ್ನು ನೆಟ್ಟು, ಒಂದು ಅಸ್ಥಿಪಂಜರವನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಸಾವಿನೊಡನೆ ಇಷ್ಟು ಸಲಿಗೆಯ ಜನ ಎಂದುಕೊಂಡೆ. ನನ್ನ ಲೆಕ್ಕ ತಪ್ಪಿದ್ದು ಅಲ್ಲೇ.

ನವೆಂಬರ್‌ನಲ್ಲಿ ಇಲ್ಲಿಯವರ ಕೃತಜ್ಞತೆಯ ಹಬ್ಬ ಥ್ಯಾಂಕ್ಸ್‌ಗಿವಿಂಗ್ ಬಂತು. ನಾನು ಬೆಳಿಗ್ಗೆಯೇ ಎದ್ದು ನಮ್ಮೂರಿನ ಚೀಸ್ ತುಂಬಿದ ರೊಟ್ಟಿ ಖಾಚಪುರಿ ಸುಟ್ಟೆ. ವರ್ನಾ ಮಗುವಿನಷ್ಟು ತೂಕದ ಟರ್ಕಿ ಕೋಳಿಯನ್ನು ಒಲೆಗೆ ಸೇರಿಸಿದರು. ಮಧ್ಯಾಹ್ನ ಮಗಳು ಬೆತ್, ಅಳಿಯ ಟಾಡ್ ಬಂದರು. ಟಾಡ್ ಬಾಯಿ ಮುಚ್ಚದ ಮನುಷ್ಯ. ನನ್ನ ಖಾಚಪುರಿಯನ್ನು ನಾಲ್ಕು ತುಂಡು ತಿಂದು, "ಅತ್ತೆ, ಆ ಕೋಳಿ ಮುಂದಿನ ವರ್ಷಕ್ಕೆ ಇಟ್ಬಿಡಿ" ಎಂದ. ಈ ಮನೆಯಲ್ಲಿ ವೈನ್ ಇಡುವುದಿಲ್ಲ. ಲೋಟಗಳಲ್ಲಿ ಇದ್ದದ್ದು ಸೇಬಿನ ರಸ.

ಊಟಕ್ಕೆ ಮೊದಲು ಒಬ್ಬೊಬ್ಬರೂ ತಾವು ಯಾವುದಕ್ಕೆ ಋಣಿ ಎಂದು ಹೇಳುವುದು ಇಲ್ಲಿನ ಪದ್ಧತಿ. ಬೆತ್ ಹೊಸ ಕೆಲಸಕ್ಕೆ ಎಂದಳು. ಟಾಡ್ ತನ್ನ ತಂಡದ ಗೆಲುವಿಗೆ ಎಂದ. ವರ್ನಾ ಆರೋಗ್ಯಕ್ಕೆ ಎಂದರು. ನಾನು ಕಾಯುತ್ತಿದ್ದೆ. ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಐಸ್ ಹಾಕಿ ಆಟದ ಅಂಗಿ ತೊಟ್ಟ ಹುಡುಗನ ಫೋಟೋ ಇದೆ. ಅವನು ವರ್ನಾರ ಮಗ ಕರ್ಟಿಸ್, ಎಂಟು ವರ್ಷದ ಹಿಂದೆ ಹೆಪ್ಪುಗಟ್ಟಿದ ಕೆರೆಯ ಮಂಜುಗಡ್ಡೆ ಒಡೆದು ಮುಳುಗಿ ತೀರಿಹೋದ ಎಂದು ಬೆತ್ ಸೆಪ್ಟೆಂಬರ್‌ನಲ್ಲೇ ಪಿಸುಮಾತಿನಲ್ಲಿ ಹೇಳಿದ್ದಳು. ತೀರಿಹೋದ ಮನೆಮಗನ ಹೆಸರು ಹೇಳಿ ಬಟ್ಟಲೆತ್ತದೆ ಊಟಕ್ಕೆ ಕೈಹಾಕುವುದು ನಮ್ಮಲ್ಲಿ ಉಂಟೆ? ಯಾರಾದರೂ ಗಂಡಸು ಏಳುತ್ತಾನೆ ಎಂದು ಟಾಡ್‌ನ ಮುಖ ನೋಡಿದೆ. ಅವನು ಕೋಳಿಯನ್ನು ನೋಡುತ್ತಿದ್ದ.

ಕೊನೆಗೆ ನಾನೇ ಎದ್ದೆ, ಅವ್ತೊ. ಜೀವಮಾನದಲ್ಲಿ ಎಂದೂ ಎದ್ದು ನಿಂತು ಬಟ್ಟಲೆತ್ತುವ ಮೇಜಿನ ಯಜಮಾನಿಕೆ ಮಾಡಿದವಳಲ್ಲ, ಆದರೆ ಇಪ್ಪತ್ತು ವರ್ಷ ನೀನು ಮಾಡಿದ್ದನ್ನು ಹೆಂಡತಿಯಾಗಿ ಪಕ್ಕದಲ್ಲಿ ಕೂತು ಕೇಳಿದವಳು. ಲೋಟ ಎತ್ತಿ, ಈ ಮೇಜಿನಲ್ಲಿ ಇರಬೇಕಾಗಿದ್ದ ಕರ್ಟಿಸ್‌ಗೆ, ಅವನನ್ನು ಹೆತ್ತ ತಾಯಿಗೆ ಎಂದೆ. ನಾವು ಮಾಡುವ ಹಾಗೆ ರೊಟ್ಟಿಯ ಮೇಲೆ ನಾಲ್ಕು ಹನಿ ಸುರಿದೆ. ಹೋದವರಿಗೆ ಸೇಬಿನ ರಸವೇ ಎಂದು ನೀನು ಬೈಯಬಹುದು. ಇದ್ದದ್ದು ಅದೇ.

ಯಾರೂ ಲೋಟ ಎತ್ತಲಿಲ್ಲ. ವರ್ನಾ ಕರವಸ್ತ್ರ ಮಡಿಸಿಟ್ಟು ಅಡುಗೆಮನೆಗೆ ಹೋದರು, ನಲ್ಲಿ ಬಿಟ್ಟ ಸದ್ದು ಕೇಳಿತು. ಬೆತ್ ನನ್ನತ್ತ ನೋಡದೆ, "ಈ ಮನೇಲಿ ಆ ಹೆಸರು ಎತ್ತಲ್ಲ ನಾವು. ಅಮ್ಮಂಗೆ ತಡೆಯೋಕಾಗಲ್ಲ" ಎಂದಳು.

ಮರುದಿನವೆಲ್ಲ ವರ್ನಾ ಬೇಕಾದಷ್ಟೇ ಮಾತಾಡಿದರು. ನಾನು ಪೆಟ್ಟಿಗೆ ಎಳೆದದ್ದು ಆಗಲೇ. ಶಾಲೆಯವರನ್ನು ಬೇರೆ ಮನೆ ಕೇಳುವುದೆಂದು ತೀರ್ಮಾನಿಸಿದೆ. ಶನಿವಾರ ಬೆಳಿಗ್ಗೆ ಅದನ್ನು ಹೇಳಲೆಂದೇ ಕೆಳಗಿಳಿದೆ. ವರ್ನಾ ಸಾರಿಗೆಂದು ಕೋಳಿಯ ಮೂಳೆಗಳಿಂದ ಮಾಂಸ ಬಿಡಿಸುತ್ತ ಕೂತಿದ್ದರು. ತಲೆ ಎತ್ತದೆ ಅಂದರು:

"ಕರ್ಟಿಸ್‌ಗೆ ಸೇಬಿನ ರಸ ಕಂಡ್ರೆ ಆಗ್ತಿರಲಿಲ್ಲ."

ನಾನು ಕುರ್ಚಿ ಎಳೆದು ಕೂತು, ಇನ್ನೊಂದು ಮೂಳೆ ಕೈಗೆತ್ತಿಕೊಂಡೆ. ಸಾರು ಕುದಿಯುವ ತನಕ ಅವರು ಹೇಳಿದರು: ಮಗ ಕದ್ದು ಬಿಯರ್ ಕುಡಿದದ್ದು, ಅವರು ಓಡಿಸುತ್ತಿದ್ದ ಬಸ್ಸಿನಲ್ಲೇ ಅಮ್ಮನ ಗುರುತಿಲ್ಲದವನ ಹಾಗೆ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದದ್ದು. ನಕ್ಕರು ಕೂಡ. "ನಂಗೆ ಬೇಜಾರಾದೀತು ಅಂತ ಎಲ್ಲರೂ ಬಾಯಿ ಕಟ್ಟಿಕೊಂಡ್ರು, ಅವರಿಗೆ ಬೇಜಾರಾದೀತು ಅಂತ ನಾನೂ ಕಟ್ಟಿಕೊಂಡೆ" ಎಂದರು. ಆಮೇಲೆ ಕೇಳಿದರು: "ನಿಮ್ಮಲ್ಲಿ ಹೆಸರು ಹೇಳಿದ್ಮೇಲೆ ಮುಂದೇನು ಮಾಡ್ತೀರ?"

ಮುಂದಿನ ಬಟ್ಟಲು ಬದುಕಿರುವವರಿಗೆ ಎಂದೆ.

ಪೆಟ್ಟಿಗೆ ಮತ್ತೆ ಮಂಚದ ಕೆಳಗೆ ಹೋಗಿದೆ. ಜೂನ್ ತನಕ ಇಲ್ಲೇ ಇರುತ್ತೇನೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಹೊಸ ವರ್ಷಕ್ಕೆ ನಿನ್ನ ಅಣ್ಣನ ಮನೆಯವರನ್ನು ಕರೆಯುವುದು ಮರೆಯಬೇಡ. ಸಂತ ಜಾರ್ಜ್ ನಿನ್ನನ್ನೂ ನಮ್ಮ ಬಳ್ಳಿಗಳನ್ನೂ ಚಳಿಯಿಂದ ಕಾಯಲಿ.

ನಿನ್ನ
ಎಟೇರಿ

ತಾ.ಕ.: ನಾನು ಇಲ್ಲಿಗೆ ಬಂದ ದಿನ ವರ್ನಾ ಮಕ್ಕಳೆಷ್ಟು ಎಂದು ಕೇಳಿದ್ದರು. ಇಲ್ಲ ಎಂದಿದ್ದೆ. ಆ ಶನಿವಾರ, ಸಾರಿನ ಮುಂದೆ ಕೂತು, ಒಬ್ಬನಿದ್ದ, ಹೆಸರು ಬೆಕಾ ಎಂದೆ. ಮೋಟಾರ್‌ಸೈಕಲ್ಲು, ಗುಡ್ಡದ ರಸ್ತೆ, ಹತ್ತೊಂಬತ್ತರ ವಯಸ್ಸು, ಎಲ್ಲ ಹೇಳಿದೆ. ಅವನು ಹೋದ ಮೇಲಿನ ನಾಲ್ಕು ವರ್ಷದಲ್ಲಿ ಅವನ ಹೆಸರು ನನ್ನ ಬಾಯಿಂದ ಬಂದದ್ದು ಅದೇ ಮೊದಲು, ಅದೂ ಪರಭಾಷೆಯಲ್ಲಿ. ಮಂಡಿನೋವಿನಿಂದ ನೀನು ಮೇಜಿನ ಯಜಮಾನನ ಕುರ್ಚಿ ಬಿಟ್ಟೆ ಎಂದು ಊರು ನಂಬಿದೆ. ನಾನು ನಂಬಿಲ್ಲ. ಬಟ್ಟಲು ಹಿಡಿದು ನಿಂತರೆ ಅವನ ಹೆಸರು ಹೇಳಬೇಕಾಗುತ್ತದೆ. ಹೊಸ ವರ್ಷದ ರಾತ್ರಿ ನಿಲ್ಲು, ಅವ್ತೊ. ಹೆಸರೊಂದೇ ಸಾಕು. ಅವನು ಹುಟ್ಟಿದಾಗ ಅವನ ಮದುವೆಗೆಂದು ನೀನು ನೆಲದಲ್ಲಿ ಹೂತಿಟ್ಟ ವೈನಿನ ಗಡಿಗೆ ಇದೆಯಲ್ಲ, ಅದನ್ನು ತೆಗೆ. ಹುಳಿಯಾಗಿದ್ದರೂ ಸರಿ, ಆ ವೈನನ್ನೇ ರೊಟ್ಟಿಯ ಮೇಲೆ ಸುರಿ.