ಹನ್ನೊಂದನೆಯ ಮೆಟ್ಟಿಲು

ಅಪ್ಪಾ,

ನೀನು ಹೋದ ಮೇಲೆ ನಗರಸಭೆಯ ಮೊದಲ ಸಭೆ ಇವತ್ತು ನಡೆಯಿತು. ನನ್ನ ಮಾನ ನಾನೇ ಕಳೆದುಕೊಂಡೆ.

ಸಾರ್ವಜನಿಕರಿಗೆ ಮಾತಾಡಲು ತಲಾ ಮೂರು ನಿಮಿಷ, ಮುಗಿದ ಕೂಡಲೇ ಗಂಟೆ ಬಾರಿಸುವುದು ನನ್ನ ಕೆಲಸ. ಅಧ್ಯಕ್ಷರಿಂದ ಹಿಡಿದು ನೀರು ಕೊಡುವವರವರೆಗೆ ಎಲ್ಲರಿಗೂ ನಮಸ್ಕಾರ ಹೇಳಿ, ಈ ಕಟ್ಟಡದ ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿ ಬೇಕೆಂದು ನೀನು ಕೇಳಿ ಮುಗಿಸುವ ಮೊದಲೇ ನನ್ನ ಗಂಟೆ ಹೊಡೆಯುತ್ತಿತ್ತು. ಆರು ವರ್ಷ, ಪ್ರತಿ ತಿಂಗಳೂ. "ಅಪ್ಪ ಅಂತ ಒಂದ್ ನಿಮಿಷ ಬಿಡಬಾರ್ದೇನಮ್ಮಾ?" ಎಂದು ಸದಸ್ಯರು ರೇಗಿಸಿದರೆ, "ನಿಯಮ ಅಂದ್ರೆ ನಿಯಮ" ಎನ್ನುತ್ತಿದ್ದವನೂ ನೀನೇ.

ಇವತ್ತು ನೀನು ಮಾತು ಬರೆದಿಟ್ಟುಕೊಳ್ಳುತ್ತಿದ್ದ ಹಳೆಯ ಚೀಟಿ ಹಿಡಿದು ನಾನೇ ಎದ್ದು ನಿಂತೆ. ನಿನ್ನಂತೆಯೇ ಒಬ್ಬೊಬ್ಬರಿಗೂ ನಮಸ್ಕಾರ ಹೇಳುತ್ತಾ ಹೋದೆ. ಕಣ್ಣು ಮಾತ್ರ ಗಡಿಯಾರದ ಮೇಲೇ ಇತ್ತು. ಮೂರು ನಿಮಿಷ ಆಯಿತು ನೋಡು, ಕೈ ಸುಮ್ಮನಿರಲಿಲ್ಲ, ನನಗೆ ನಾನೇ ಗಂಟೆ ಬಾರಿಸಿಕೊಂಡೆ! ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು.

ಅಧ್ಯಕ್ಷರು ಕಣ್ಣೊರೆಸಿಕೊಂಡು, "ಕೂತ್ಕೊಳ್ಳಮ್ಮ, ಕಂಬಿ ತಾನೇ? ನಿಮ್ಮಪ್ಪ ಬಾಯಿ ಬಿಡೋ ಮೊದ್ಲೇ ನಮಗೆ ಗೊತ್ತಿರ್ತಿತ್ತು. ಮಾತು ಮುಗೀದೆ ಕಡತಕ್ಕೆ ಹತ್ತಲಿಲ್ಲ, ಅಷ್ಟೆ. ಒಪ್ಪೋರು ಕೈಯೆತ್ತಿ" ಎಂದರು. ಎಲ್ಲರೂ ಎತ್ತಿದರು. ಬರುವ ತಿಂಗಳು ಕಂಬಿ ಬರುತ್ತದೆ, ಅಪ್ಪಾ!

ಇಳಿಯುವಾಗ ಹನ್ನೊಂದನೆಯ ಮೆಟ್ಟಿಲಲ್ಲಿ ಕುಳಿತೆ. ನೀನು ಮಂಡಿ ಹಿಡಿದುಕೊಂಡು ಸುಧಾರಿಸಿಕೊಳ್ಳುತ್ತಿದ್ದ ಜಾಗ ಅದು. "ನೀನು ಹತ್ತಮ್ಮಾ, ಗಂಟೆಗೆ ತಡವಾಗುತ್ತೆ" ಎನ್ನುತ್ತಿದ್ದೆ ನೀನು. ನಾನು ಹತ್ತಿಬಿಡುತ್ತಿದ್ದೆ.

ಇವತ್ತು ಕಾವಲುಗಾರ ಬಂದು ಎಬ್ಬಿಸುವವರೆಗೂ ಅಲ್ಲೇ ಕುಳಿತಿದ್ದೆ.