ಸಂಜೆಯ ಶಂಖ, ಅಂಗಳದ ಕಾರು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 5.30

ಹೆಂಡತಿ ಫೆತೂಗೆ ಕೋಕೋ ಕಾಯಿಸಿದೆ. ಅರ್ಧ ಲೋಟ, ಡಾಕ್ಟರು ಹೇಳಿದ ಅಳತೆ. ಇನ್ನೊಂದು ಗುಟುಕು ಕೇಳಿದಳು. ಕೊಡಲಿಲ್ಲ. ಮುದಿ ಜಿಪುಣ ಎಂದು ಬೈದಳು. ಬೈಯುವಷ್ಟು ತ್ರಾಣವಿದೆ ಎಂದರೆ ದಿನ ಚೆನ್ನಾಗಿದೆ.

ಕಾರು ಬಂದು ಹದಿನೈದು ದಿನ. ಮಗಳು ಆಕ್ಲೆಂಡಿನಿಂದ ಹಡಗಿಗೆ ಹಾಕಿಸಿದ್ದು. ಅದಕ್ಕೂ ಮೊದಲು ಜಪಾನಿನಲ್ಲಿ ಓಡಿದ್ದು. ಸಮೋವಾದ ಹಳೇ ಮನೆ, ಗೋಡೆ ಇಲ್ಲ, ಬರೀ ಕಂಬ. ಹಾಗಾಗಿ ಕಾರನ್ನು ಜಗಲಿಯ ಅಂಚಿಗೇ ತಂದು ನಿಲ್ಲಿಸುತ್ತೇನೆ. ಅವಳು ಚಾಪೆಯಿಂದ ಎದ್ದರೆ ಎರಡೇ ಹೆಜ್ಜೆ, ಸೀಟು ಸಿಗುತ್ತದೆ. ಹೋದ ವರ್ಷ ಬಸ್ಸಿನ ಮೆಟ್ಟಿಲು ಹತ್ತಲಾರದೆ ಎರಡು ಸಲ ಡಯಾಲಿಸಿಸ್ ತಪ್ಪಿತ್ತು. ಮುಖವೆಲ್ಲ ಊದಿಕೊಂಡಿತ್ತು... ಆ ದಿನಗಳು ಬೇಡ. ಈಗ ಸೋಮ, ಬುಧ, ಶುಕ್ರ ಅಪಿಯಾ ಪಟ್ಟಣದ ಆಸ್ಪತ್ರೆಗೆ ರಾಣಿಯ ಹಾಗೆ ಹೋಗುತ್ತಾಳೆ.

ತಕರಾರು ಒಂದೇ. ಅಲಾರಂ. ರಿಮೋಟಿಗೆ ನಾಲ್ಕು ಗುಂಡಿ, ಜೊತೆಗೆ ಬಂದ ಪುಸ್ತಕ ಜಪಾನೀ ಭಾಷೆಯಲ್ಲಿ. ಒಂದು ಬೀಗ ಹಾಕಲು, ಒಂದು ತೆಗೆಯಲು. ಕೆಂಪು ಗುಂಡಿ ಒತ್ತಿದರೆ ಕಾರು ಸುಮ್ಮನೆ ಬೊಬ್ಬೆ ಹೊಡೆಯುತ್ತದೆ. ಇದು ಗೊತ್ತಾದದ್ದು ಪಾದ್ರಿಯ ಹೆಂಡತಿ ಪಕ್ಕದಲ್ಲಿ ನಿಂತಿದ್ದಾಗ. ನಾಲ್ಕನೆಯದು ಏನೋ, ದೇವರೇ ಬಲ್ಲ. ಬೀಗ ಹಾಕದೆ ಬಿಟ್ಟರೂ ಎರಡು ನಿಮಿಷಕ್ಕೆ ತಾನೇ ಹಾಕಿಕೊಳ್ಳುತ್ತದೆ. ಬಾಗಿಲೇ ಇಲ್ಲದ ಮನೆಯ ಮುಂದೆ ಬೀಗ ಹಾಕಿಕೊಂಡು ಕೂತ ಕಾರು.

ಅದೇ ದಿನ. ಸಂಜೆ 7.20

ಮಾನ ಹೋಯಿತು.

ಮೊದಲ ಶಂಖ ಊದಿದೆ, ಎಲ್ಲರೂ ಮನೆ ಸೇರಲಿ ಎಂದು. ಶಂಖ ಬಾಯಿಂದ ಇಳಿಸುತ್ತೇನೆ, ಹಿಂದೆ ಕಾರು ಅರಚುತ್ತಿದೆ. ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಎರಡನೆಯ ಶಂಖ. ಸಾ ಶುರು. ಇನ್ನು ಮೂರನೆಯದರ ತನಕ ಊರಿಗೆ ಊರೇ ಪ್ರಾರ್ಥನೆಗೆ ಕೂತಿರಬೇಕು. ಯಾರೂ ಓಡಾಡುವಂತಿಲ್ಲ, ರಸ್ತೆಯಲ್ಲಿ ಯುವಕರ ಕಾವಲು. ಆಗ ಮತ್ತೆ ಅರಚಿತು. ರಿಮೋಟ್ ಎಲ್ಲಿಟ್ಟೆನೋ ನೆನಪಿಲ್ಲ. ಶಂಖ ಊದಿದವನೇ ಸಾ ಹೊತ್ತಿನಲ್ಲಿ ಹುಡುಕಾಡುತ್ತಾ ತಿರುಗಿದರೆ ಹೇಗೆ? ಕಣ್ಣು ಮುಚ್ಚಿ ಕೂತೆ. ಪೂರ್ತಿ ಒಂದು ನಿಮಿಷ ಕೂಗಿತು. ಕೀರ್ತನೆಯ ಮೊದಲ ಚರಣ ಅದರ ಶ್ರುತಿಗೇ ಹಾಡಿದೆವು. ಫೆತೂ ತಲೆ ತಗ್ಗಿಸಿ ಕೂತಿದ್ದಳು, ಭಕ್ತಿಯಿಂದ ಅಲ್ಲ, ನಗು ತಡೆಯಲು.

ನಿನ್ನೆಯೂ ಹೀಗೇ ಆಗಿತ್ತು.

ಮಾರ್ಚ್ 5, ಬುಧವಾರ

ಕಳ್ಳ ಸಿಕ್ಕಿದ. ಹಂದಿ. ಅಪಿಯಾದಿಂದ ಬಂದು ನಿಲ್ಲಿಸಿದ ಮೇಲೆ ಬಂಪರಿಗೆ ಬೆನ್ನು ಉಜ್ಜುತ್ತಿತ್ತು, ಕಾರು ಕೂಗಿತು. ಕಣ್ಣಾರೆ ನೋಡಿದೆ. ಹಿಡಿದು ಹಿಂದಿನ ಹಲಸಿನ ಮರಕ್ಕೆ ಕಟ್ಟಿದೆ.

ಸಂಜೆ: ಹಂದಿ ಮರದ ಬುಡದಲ್ಲಿ ಮಲಗಿತ್ತು. ಕಾರು ಕೂಗಿತು. ಎರಡು ಸಲ.

ಹಾಗಾದರೆ ಕಾವಲು ಹುಡುಗರು. ಅದೇ ಹೊತ್ತಿಗೆ ಪಕ್ಕದಲ್ಲೇ ಹಾದು ಹೋಗುತ್ತಾರೆ. ಯಾವನೋ ಕೈ ಆಡಿಸುತ್ತಿದ್ದಾನೆ.

ಮಾರ್ಚ್ 8, ಶನಿವಾರ

ಊರ ಸಭೆಯಿಂದ ಈಗ ಬಂದೆ.

ಲೇವಾಸಾ ಹಿರಿಯ ಮುಖಂಡ. ಒಳ್ಳೆಯ ಮನುಷ್ಯನೇ, ಆದರೆ ಒಳ್ಳೆಯ ಮಾತನ್ನೂ ಕೋಲಿನಿಂದ ತಿವಿದ ಹಾಗೆ ಆಡುತ್ತಾನೆ.

"ಸೆಮಿಸಿ, ಎರಡು ವಿಷ್ಯ. ನಿನ್ ಕಾರು ಇನ್ನೊಂದ್ ಸಲ ಸಾ ಒಳಗೆ ಕೂಗಿದ್ರೆ, ಆಮೇಲೆ ಅದು ಸೇತುವೆ ಆಚೆ ನಿಲ್ಬೇಕು. ಊರೊಳಗೆ ಬರೋ ಹಾಗಿಲ್ಲ."

"ಯಜಮಾನ್ರೆ, ನನ್ನ ಹೆಂಡ್ತಿ ಸೇತುವೆ ತನಕ ನಡೀಲಾರಳು."

"ಅದಕ್ಕೇ ಮೊದ್ಲೇ ಹೇಳ್ತಾ ಇರೋದು. ಎರಡನೇದು... ಬೇಜಾರ್ ಮಾಡ್ಕೋಬೇಡ. ಮೇಲ್ಗಡೆ ಮನೆಗಳಿಗೆ ನಿನ್ ಶಂಖ ಕೇಳಿಸ್ತಿಲ್ವಂತೆ. ವಯಸ್ಸಾಯ್ತು. ಖಾಲಿ ಗ್ಯಾಸ್ ಸಿಲಿಂಡರ್ ಒಂದು ನೇತು ಹಾಕೋಣ, ಯಾರು ಬೇಕಾದ್ರೂ ಕಬ್ಬಿಣದಲ್ಲಿ ಬಡೀಬೋದು."

ಪಕ್ಕದ ಊರುಗಳಲ್ಲೆಲ್ಲ ಸಿಲಿಂಡರೇ. ಠಣ್ ಠಣ್. ನಮ್ಮಲ್ಲಿ ಮಾತ್ರ ಶಂಖ. ತಾತ ಊದಿದ, ಅಪ್ಪ ಊದಿದ, ನಾನು ಮೂವತ್ತೊಂದು ವರ್ಷದಿಂದ ಊದುತ್ತಿದ್ದೇನೆ. ತಲೆಯಾಡಿಸಿ ಬಂದೆ.

ಫೆತೂಗೆ ಹೇಳಿದೆ. ಬೀಸಣಿಗೆ ಬೀಸುತ್ತಾ ಕೂತಳು. ಆಮೇಲೆ, "ಊಟ ಮಾಡು. ಖಾಲಿ ಹೊಟ್ಟೇಲಿ ಅವಮಾನ ಜಾಸ್ತಿ ಉರಿಯತ್ತೆ" ಎಂದಳು. ಟಾರೋ ಗೆಡ್ಡೆ, ಎಲೆಯಲ್ಲಿ ಬೆಂದ ಮೀನು. ತಿಂದೆ. ನಿಜ, ಸ್ವಲ್ಪ ಕಮ್ಮಿಯಾಯಿತು.

ಮಾರ್ಚ್ 10, ಸೋಮವಾರ. ಮಧ್ಯಾಹ್ನ

ಆಸ್ಪತ್ರೆ ಅಂಗಳದಲ್ಲಿ ಕೂತು ಬರೆಯುತ್ತಿದ್ದೇನೆ. ಫೆತೂ ಇನ್ನೂ ಮೆಷಿನ್ ಮೇಲೆ. ನಗು ಬರುತ್ತಿದೆ, ಯಾರಿಗೆ ಹೇಳಲಿ.

ಸಭೆಯ ಮಾತಿಗೆ ಹೆದರಿ ಎರಡು ಸಂಜೆ ಕಾರನ್ನು ಸೇತುವೆ ಆಚೆಯೇ ನಿಲ್ಲಿಸಿದ್ದೆ. ಇವತ್ತು ಅವಳನ್ನು ಒಳಗೆ ಬಿಟ್ಟು ಕಾರನ್ನು ಪೌಲೋ ಆತುಂಗ್‌ನ ಗ್ಯಾರೇಜಿಗೆ ಒಯ್ದೆ. ಅವನಿಗೆ ಚೀನೀ ತಾತನ ಕಣ್ಣು, ಸಮೋವಾದ ಹೊಟ್ಟೆ. ಸ್ಟಿಯರಿಂಗ್ ಕೆಳಗೆ ತಲೆ ತೂರಿಸಿ ಮಲಗಿಕೊಂಡೇ ಮಾತಾಡಿದ.

"ಇಲ್ಲೊಂದು ಡಬ್ಬಿ ಇದೆ, ತಾತ. ಕಾರು ಅಲುಗಿದ್ರೆ ಇದಕ್ಕೆ ಗೊತ್ತಾಗತ್ತೆ. ಇದರ ತಿರುಪು ಸ್ವಲ್ಪ ಬಿಗಿ ಇದೆ, ಅಷ್ಟೆ. ಯಾವಾಗ ಕೂಗತ್ತೆ?"

"ಸಂಜೆ. ಸಾ ಹೊತ್ತಿಗೆ."

"ದಿನಾ?"

"ದಿನಾ. ಮೊದಲನೇ ಶಂಖಕ್ಕೆ ಒಂದ್ ಸಲ, ಎರಡನೇದಕ್ಕೆ ಒಂದ್ ಸಲ. ಮೂರನೇದನ್ನ ಮೆಲ್ಲಗೆ ಊದೋದು, ಅದಕ್ಕಿಲ್ಲ."

ತಲೆ ಹೊರಗೆ ತೆಗೆದ. "ಶಂಖ ಎಲ್ಲಿ ಊದ್ತಾರೆ?"

"ಅಲ್ಲೇ, ಕಾರಿನ ಪಕ್ಕ. ಬಂಡೆ ಮೇಲೆ ನಿಂತು."

"ಯಾರು?"

"ನಾನೇ."

ಪೌಲೋ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ಅರ್ಥವಾಗಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಶಂಖದ ಸದ್ದಿಗೆ ಗಾಜು ನಡುಗುತ್ತದೆ, ಗಾಜು ನಡುಗಿದರೆ ಡಬ್ಬಿಗೆ ಕಳ್ಳ ಬಂದ ಹಾಗೆ. ಹಂದಿಯನ್ನು ಐದು ದಿನ ಕಟ್ಟಿ ಹಾಕಿದ್ದೆ, ಪಾಪ.

"ಲಾರಿ ಹಾರ್ನಿಗೂ ಇದು ಕೂಗಲ್ಲ, ತಾತ. ನಿಮ್ದು ಯಾವ್ ಸೀಮೆ ಉಸಿರು?"

ಇದನ್ನು ಲೇವಾಸಾ ಕೇಳಬೇಕಿತ್ತು.

ತಿರುಪು ಸಡಿಲ ಮಾಡಲೇ ಎಂದ. ಬೇಡ ಎಂದೆ, ಲೇವಾಸಾಗೆ ತೋರಿಸಬೇಕಲ್ಲ. ಹಾಗಾದರೆ ನಾಲ್ಕನೇ ಗುಂಡಿ ಒತ್ತಿ ಎಂದು ತೋರಿಸಿಕೊಟ್ಟ. ಅದನ್ನು ಒತ್ತಿದರೆ ಮುಂದೆ ಬೀಗ ತೆಗೆಯುವ ತನಕ ಡಬ್ಬಿ ನಿದ್ದೆ ಹೋಗುತ್ತದೆ, ಬೀಗ ಮಾತ್ರ ಇರುತ್ತದೆ. ಇನ್ನೊಂದು ಹೇಳಿದ: ಬೀಗ ತೆಗೆದಾಗ ಕಾರು ಒಂದು ಸಲ ಕೀಂ ಎಂದರೆ ಏನೂ ನಡೆದಿಲ್ಲ. ಮೂರು ಸಲ ಎಂದರೆ ಡಬ್ಬಿ ಎಚ್ಚೆತ್ತು ಕೂಗಿಸಿತ್ತು ಎಂದು ಲೆಕ್ಕ. ಕೆಂಪು ಗುಂಡಿಯ ಬೊಬ್ಬೆ ಲೆಕ್ಕಕ್ಕಿಲ್ಲ, ಅದಕ್ಕೂ ಒಂದೇ ಕೀಂ. ಬರೆದಿಟ್ಟುಕೊಂಡೆ.

ಮಾರ್ಚ್ 11, ಮಂಗಳವಾರ

ನಿನ್ನೆ ನಾಲ್ಕನೇ ಗುಂಡಿ ಒತ್ತಿ ಊದಿದೆ. ಕಾರು ಮೌನ. ಸಾ ಸಾಂಗವಾಗಿ ಮುಗಿಯಿತು. ಹಂದಿಯನ್ನು ಬಿಟ್ಟು ಎರಡು ತೆಂಗಿನಕಾಯಿ ಒಡೆದು ಹಾಕಿದೆ.

ಲೇವಾಸಾ ಮನೆಗೆ ಹೋಗಿ ಎಲ್ಲ ಹೇಳಿದೆ. ನಂಬಲಿಲ್ಲ.

"ಮೇಲಿನ್ ಮನೆಗೆ ಮುಟ್ಟದ ಶಂಖ ಕಾರನ್ನ ನಡುಗ್ಸತ್ತೆ ಅಂತೀಯ?"

"ಮೇಲಿನ್ ಮನೆಯವ್ರು ಟಿವಿ ತಂದಿದಾರೆ, ಯಜಮಾನ್ರೆ. ನನ್ ಉಸಿರು ಕಮ್ಮಿ ಆಗಿಲ್ಲ, ಅವ್ರ ಸದ್ದು ಜಾಸ್ತಿ ಆಗಿದೆ."

"ಶನಿವಾರ ಬೆಳಿಗ್ಗೆ ಬರ್ತೀವಿ. ಊದು. ಕಾರು ಕೂಗಿದ್ರೆ ಸಿಲಿಂಡರ್ ಮಾತು ಬಿಟ್ವಿ."

ಮಾರ್ಚ್ 15, ಶನಿವಾರ. ಮಧ್ಯಾಹ್ನ

ಕಾರು ಕೂಗಿತು. ಗೆದ್ದೆ.

ಹನ್ನೊಂದು ಮಂದಿ ಮುಖಂಡರು ಬಂದು ಕಂಬಕ್ಕೊಬ್ಬರಂತೆ ಒರಗಿ ಕೂತರು. ಹೊಸ ಅಂಗಿ ಹಾಕಿಕೊಂಡು ಬಂಡೆ ಹತ್ತಿದೆ. ಎದೆಯುಬ್ಬಿಸಿ ಊದಿದೆ. ಒಂದು ಕ್ಷಣ ಏನೂ ಇಲ್ಲ... ಆಮೇಲೆ ಕಾರು ಅರಚಿತು. ಲೇವಾಸಾ ತೊಡೆ ತಟ್ಟಿಕೊಂಡು ನಕ್ಕ. "ಸಿಲಿಂಡರು ಅಡಿಗೆಗೇ ಇರ್ಲಿ" ಎಂದ. ಎಲ್ಲರೂ ಉಂಡು ಹೋದರು.

ಅದೇ ದಿನ. 4 ಗಂಟೆ

ಇದನ್ನು ಬರೆಯದಿದ್ದರೆ ಸುಳ್ಳಾಗುತ್ತದೆ.

ಕಾರು ನಿಲ್ಲಿಸಲು ರಿಮೋಟ್ ಕೇಳಿದಾಗ ಫೆತೂ ಚಾಪೆಯ ಕೆಳಗಿನಿಂದ ತೆಗೆದು ಕೊಟ್ಟಳು. ನಾನು ಅದನ್ನು ಕಂಬದ ಮೊಳೆಗೆ ತೂಗುಹಾಕಿದ್ದೆ. ಬೀಗ ತೆಗೆದೆ. ಕೀಂ. ಮುಂದಿನದಕ್ಕೆ ಕಾದೆ. ಬರಲಿಲ್ಲ.

ಒಂದೇ ಸಲ.

ಮಾರ್ಚ್ 16, ಭಾನುವಾರ

ಚರ್ಚಿನಲ್ಲಿ ಲೇವಾಸಾ ನನ್ನ ಬೆನ್ನು ತಟ್ಟಿದ. ನಾಚಿಕೆಯಾಯಿತು. ಊಟ ರುಚಿಸಲಿಲ್ಲ. ಊರು ಮಲಗಿದ ಮೇಲೆ ಫೆತೂನ ಕೇಳಿಯೇಬಿಟ್ಟೆ.

"ಕೆಂಪು ಗುಂಡಿ ಒತ್ತಿದ್ಯಾ?"

"ಯಾವ ಗುಂಡಿ?"

"ಫೆತೂ."

ಬೀಸಣಿಗೆ ನಿಂತಿತು. "ಒತ್ತಿದೆ. ನೀನು ಶಂಖ ಇಳಿಸಿ ಕಾರಿನ ಕಡೆ ತಿರುಗಿ ನೋಡಿದ್ಯಲ್ಲ, ಆ ಮುಖ ನನ್ ಕೈಲಿ ನೋಡಕ್ಕಾಗ್ಲಿಲ್ಲ. ನನಗೋಸ್ಕರ ದಿನಾ ಐದಕ್ಕೆ ಏಳ್ತೀಯ. ನಾನು ಒಂದ್ ಗುಂಡಿ ಒತ್ತಬಾರ್ದಾ?"

ಕೋಪ ಬರಬೇಕಿತ್ತು. ಬರಲಿಲ್ಲ. ಕಣ್ಣು ತುಂಬಿತು.

"ಹಾಗಾದ್ರೆ ಲೇವಾಸಾ ಹೇಳಿದ್ದೇ ನಿಜ. ನನ್ ಉಸಿರು ಹೋಗಿದೆ."

"ಉಸಿರು ಎಲ್ಲೂ ಹೋಗಿಲ್ಲ, ಮುದುಕಾ. ದಿನಾ ಹೊಟ್ಟೆಯಿಂದ ಊದ್ತೀಯ. ನಿನ್ನೆ ಮುಖಂಡರು ನೋಡ್ಲಿ ಅಂತ ಎದೆಯಿಂದ ಊದಿದೆ. ಹೊಸ ಅಂಗಿ ಬೇರೆ."

ಮಾರ್ಚ್ 17, ಸೋಮವಾರ. ಸಂಜೆ 6.30

ಅಪಿಯಾದಿಂದ ಬಂದು ಅವಳು ಮಲಗಿ ಎದ್ದಿದ್ದಾಳೆ. ಮುಖ ತಿಳಿಯಾಗಿದೆ. ಸಮುದ್ರ ಸುಮ್ಮನಿದೆ.

ತೀರ್ಮಾನ ಮಾಡಿಯಾಯಿತು. ಇವತ್ತು ನಾಲ್ಕನೇ ಗುಂಡಿ ಒತ್ತಿಲ್ಲ. ರಿಮೋಟ್ ನನ್ನ ಸೊಂಟದಲ್ಲೇ ಇದೆ. ಮೊದಲ ಶಂಖಕ್ಕೆ ಇನ್ನೂ ಸಾ ಶುರುವಾಗಿರುವುದಿಲ್ಲ, ಆಗ ಕಾರು ಕೂಗಿದರೆ ತಪ್ಪಿಲ್ಲ, ಎರಡನೆಯದಕ್ಕೆ ಮೊದಲು ಮಲಗಿಸಿದರಾಯಿತು. ಕೂಗದಿದ್ದರೆ, ಪ್ರಾರ್ಥನೆ ಮುಗಿದ ತಕ್ಷಣ ಲೇವಾಸಾ ಮನೆಗೆ ಹೋಗುತ್ತೇನೆ. ಗುಂಡಿಯ ಕಥೆ ಹೇಳಿ ಶಂಖ ಒಪ್ಪಿಸಿ ಬರುತ್ತೇನೆ. ಸಿಲಿಂಡರ್ ಕಟ್ಟಲು ಹಗ್ಗವನ್ನೂ ನಾನೇ ಕೊಡುವೆ. ಮನಸ್ಸು ಹಗುರವಾಗಿದೆ. ಹಳೇ ಅಂಗಿ ಹಾಕಿಕೊಂಡಿದ್ದೇನೆ.

6.50

ಊದಿದೆ. ಹೊಟ್ಟೆಯಿಂದ.

ಕೂಗಿತು. ತಿರುಗಿ ನೋಡಿದೆ. ಫೆತೂ ಚಾಪೆಯ ಮೇಲೆ ಎರಡೂ ಕೈ ಮೇಲೆತ್ತಿ ಕೂತಿದ್ದಾಳೆ, ಬೆರಳು ಬಿಡಿಸಿ, ಪೊಲೀಸರಿಗೆ ಸಿಕ್ಕವಳ ಹಾಗೆ. ಬೀಗ ತೆಗೆದೆ. ಕೀಂ. ಕೀಂ. ಕೀಂ. ಎರಡನೇ ಶಂಖಕ್ಕೆ ಹೊತ್ತಾಯಿತು, ಹುಡುಗರು ಆಗಲೇ ರಸ್ತೆಯಲ್ಲಿ ನಿಂತಿದ್ದಾರೆ, ಆ ಮೂರನೇ ಕೀಂ ಬಗ್ಗೆ ಸಾ ಆದ ಮೇಲೆ ಬರೆ—