ರನ್‌ವೇ ಮೇಲೆ ಆಡಿದ ಮಾತು

ಮಾರ್ಚ್ 3, ಬೆಳಿಗ್ಗೆ 5.40

ಮತ್ತೆ ಅಮ್ಮಾನ್–ಲಾರ್ನಾಕಾ ವಿಮಾನ. ಇವತ್ತು ಕ್ಯಾಪ್ಟನ್ ಗಾಲಿಬ್ ಜೊತೆ ಸಹಪೈಲಟ್ ನಾನು. ಬಯ್ಯುತ್ತಾರೆ, ಆದರೆ ಕಲಿಸುತ್ತಾರೆ. ನಿವೃತ್ತಿಗೆ ಇನ್ನು ಎಂಟೇ ತಿಂಗಳು. ಅಮ್ಮ ಝಾತರ್ ಸೊಪ್ಪಿನ ಪುಡಿ ಹಚ್ಚಿದ ರೊಟ್ಟಿ ನಾಲ್ಕು ಕಟ್ಟಿದ್ದಾಳೆ. ಎರಡು ಕ್ಯಾಪ್ಟನ್‌ಗಂತೆ. ನನಗಿಂತ ಅವರ ಹೊಟ್ಟೆಯ ಚಿಂತೆ ಇವಳಿಗೆ.

ಅದೇ ದಿನ, ಮಧ್ಯಾಹ್ನ 3

ಆದದ್ದನ್ನು ಆದ ಹಾಗೇ ಬರೆದಿಡುತ್ತೇನೆ.

ಟೇಕಾಫ್ ಓಟ. ವೇಗ ನೂರು ನಾಟ್ ದಾಟಿತ್ತು. ಕ್ಯಾಪ್ಟನ್ ಮುಂದಿನ ವೇಗದ ಪರದೆ ಒಮ್ಮೆಲೇ ಕಪ್ಪಾಯಿತು. ನನ್ನದು ಸರಿಯಿತ್ತು.

"ಎಷ್ಟಾಯ್ತು ರೂಲಾ?" ಗಾಬರಿಯಲ್ಲಿ ಇಂಗ್ಲಿಷ್ ಬಿಟ್ಟು ಅರಬ್ಬಿಯಲ್ಲೇ ಕೇಳಿದರು.

ನನ್ನ ಪರದೆ ಆಗಷ್ಟೇ ವಿ-ವನ್ ದಾಟಿತ್ತು. ಆ ವೇಗ ದಾಟಿದರೆ ನಿಲ್ಲಿಸುವ ಮಾತಿಲ್ಲ, ಹಾರಲೇಬೇಕು. ಕ್ಯಾಪ್ಟನ್ ಎಂಜಿನ್ ಲಿವರ್‌ನಿಂದ ಕೈ ತೆಗೆಯಬೇಕು. "ವಿ-ವನ್" ಎಂದು ಕೂಗುವುದು ನನ್ನ ಕೆಲಸ. ಅರಬ್ಬಿಯಲ್ಲಿ ಕೇಳಿದ್ದಕ್ಕೆ ಅರಬ್ಬಿಯಲ್ಲೇ ಬಾಯಿಗೆ ಬಂತು—

"ಖಲಾಸ್!"

ದಾಟಿತು, ಹಾರಿ ಎಂದು ನನ್ನ ಅರ್ಥ. ಅವರು ನಿಲ್ಲಿಸಲು ಲಿವರ್ ಹಿಂದಕ್ಕೆಳೆದರು. ಬ್ರೇಕ್, ಹೊಗೆ, ಹಿಂದೆ ಕಿರುಚಾಟ. ರನ್‌ವೇ ಮುಗಿಯಲು ಅರವತ್ತು ಮೀಟರ್ ಇರುವಾಗ ನಿಂತಿತು. ನೂರಾ ಹನ್ನೆರಡು ಜನ. ಯಾರಿಗೂ ಏನೂ ಆಗಲಿಲ್ಲ. ಹೇಗೋ…

ಮಾರ್ಚ್ 4

ಇಬ್ಬರ ಲೈಸೆನ್ಸೂ ತಡೆ. ತನಿಖೆಯವರು ಕಾಕ್‌ಪಿಟ್ ಧ್ವನಿಮುದ್ರಣ ಕೇಳಿಸಿದರು. ಸ್ಪಷ್ಟವಾಗಿದೆ. ಆದರೆ ಖಲಾಸ್ ಅಂದರೆ 'ಆಯ್ತು'. ಖಲಾಸ್ ಅಂದರೆ 'ಸಾಕು, ನಿಲ್ಲಿಸು'. ನಿಲ್ಲಿಸು ಅಂದಳು ಎಂದು ಕ್ಯಾಪ್ಟನ್ ಹೇಳಿದರೆ ನನ್ನ ಕೆಲಸ ಹೋಯಿತು. ಹಾರಿ ಎಂದೆ ಅಂತ ನಾನು ಹೇಳಿದರೆ ಅವರ ಮೂವತ್ತನಾಲ್ಕು ವರ್ಷದ ಸೇವೆಗೆ ಮಸಿ.

ಮಾರ್ಚ್ 6

ಅಮ್ಮನನ್ನು ಗಮನಿಸುತ್ತಿದ್ದೇನೆ. ಬೆಳಗಿನಿಂದ ಹನ್ನೊಂದು ಸಲ ಅದೇ ಪದ. "ಖಲಾಸ್, ಊಟಕ್ಕೆ ಬಾ." "ಖಲಾಸ್, ಮೊಬೈಲ್ ಇಡು." ಒಮ್ಮೆಯೂ ನಾನು ತಪ್ಪು ತಿಳಿದಿಲ್ಲ.

"ಎರಡರ್ಥ ಇದ್ಯಲ್ಲ, ವಿಚಾರಣೆಯವ್ರು ಬೇಕಾದ್ದು ಇಟ್ಕೊಳ್ಲಿ," ಎಂದಳು. "ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು."

"ಅಮ್ಮಾ, ಅದು ವಿಚಾರಣೆ. ನಿನ್ನ ನಾದಿನಿ ಮನೆ ಪಂಚಾಯ್ತಿ ಅಲ್ಲ."

ಮಾರ್ಚ್ 19, ಬೆಳಿಗ್ಗೆ

ಇವತ್ತು ವಿಚಾರಣೆ. ಹನ್ನೆರಡು ದಿನ ಒಂದಕ್ಷರ ಬರೆದಿಲ್ಲ. ಊಟವೂ ಅಷ್ಟಕ್ಕಷ್ಟೆ. ಹೆದರಿಕೆ. ಅಷ್ಟೇ, ಹೆದರಿಕೆ.

ಸಂಜೆ 6

ನಿಜ ಹೇಳಿದೆ. "ಹಾರಿ ಅನ್ನೋ ಅರ್ಥದಲ್ಲಿ ಅಂದೆ. ಪದ ತಪ್ಪು. ತಪ್ಪು ನಂದು."

ಅಧಿಕಾರಿ ಕ್ಯಾಪ್ಟನ್ ಕಡೆ ತಿರುಗಿದರು. "ನಿಮಗೆ 'ನಿಲ್ಲಿಸಿ' ಅಂತ ಕೇಳಿಸ್ತಾ?"

ಹೌದು ಅಂದಿದ್ದರೆ ಪಾರಾಗುತ್ತಿದ್ದರು.

"ಇಲ್ಲ ಸರ್. ಹಾರಿ ಅಂತಾನೇ ಅರ್ಥ ಆಯ್ತು. ಕಪ್ಪು ಪರದೆ ನೋಡಿ ಹೆದರ್ದೆ. ಕೈ ತಾನಾಗೇ ಎಳೀತು."

ಹೊರಗೆ ಅವರನ್ನು ತಡೆದು ಕೇಳಿದೆ. "ಕ್ಯಾಪ್ಟನ್, ನನಗೋಸ್ಕರ ಸುಳ್ಳು ಹೇಳಿದ್ರಾ?"

"ನಿನ್ನ ತಪ್ಪು ನಿನ್ನದು ಮಗಳೇ, ನನ್ನದು ನನ್ನದು. ನನ್ನದರಲ್ಲಿ ಪಾಲು ಕೇಳ್ಬೇಡ."

ಸುಳ್ಳೇ. ಮೂವತ್ತನಾಲ್ಕು ವರ್ಷ ಹಾರಿಸಿದವರ ಕೈ ತಾನಾಗಿ ಎಳೆಯುತ್ತದೆಯೇ? ದಾರಿಯುದ್ದಕ್ಕೂ ಅತ್ತೆ.

ಏಪ್ರಿಲ್ 27

ತೀರ್ಪು ಬಂತು. ನನಗೆ ಎಚ್ಚರಿಕೆ ಪತ್ರ, ಮರುತರಬೇತಿ. ಕ್ಯಾಪ್ಟನ್ ಗಾಲಿಬ್ ಇನ್ನು ಹಾರುವಂತಿಲ್ಲ.

ಮೇ 9, ಅಕಬಾ, ಬೆಳಿಗ್ಗೆ 9.15

ಅದಾದ ಮೇಲೆ ಮೊದಲ ಹಾರಾಟ. ಬೇರೆ ಕ್ಯಾಪ್ಟನ್. ಪರದೆಗಳೆಲ್ಲ ಸರಿ, ಎಲ್ಲವೂ ಸರಿ. "ವಿ-ವನ್" ಎಂದು ಜೋರಾಗಿಯೇ ಕೂಗಿದೆ. ಅವರು ಲಿವರ್‌ನಿಂದ ಕೈ ತೆಗೆದರು. ಆಗ ಕಂಡಿತು— ತೊಡೆಯ ಮೇಲಿದ್ದ ನನ್ನ ಕೈ ಲಿವರ್ ಹತ್ತಿರ ಹೋಗಿತ್ತು. ಎಳೆಯುವುದಕ್ಕೆ. ನಾನು ಕಳಿಸಿರಲಿಲ್ಲ.

ಗಾಲಿಬ್ ಸುಳ್ಳು ಹೇಳಿರಲಿಲ್ಲ. ಅವರಿಗೆ ಫೋನ್ ಮಾಡಿ ಕೂತಿದ್ದೇನೆ. ರಿಂಗ್ ಆಗುತ್ತಿದೆ. ಏನೆಂದು ಹೇಳಲಿ? ಕ್ಯಾಪ್ಟನ್, ನನ್ನ ಕೈ ಕೂಡ—